ರಿಮೋಟ್ ಗಾಡಿಗೆ ಮೈ ಮಾಡುವವನ ಪಾಡು

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ನಾನು ಎದ್ದಾಗಲೆಲ್ಲ ನನ್ನ ಜೊತೆ ಒಂದು ಫಜೀತಿಯೂ ಏಳುತ್ತದೆ. ದಾಂಡೇಲಿಯ ನಮ್ಮ ಮನೆಯ ಹಿಂದೆ ತಗಡಿನ ಶೆಡ್ಡಿದೆ. ರಿಮೋಟಿನಿಂದ ಓಡುವ ಪುಟ್ಟ ಗಾಡಿಗಳಿಗೆ ಗಿರಾಕಿ ಕೇಳಿದಂಥ ಮೈ ಮಾಡಿಕೊಡುವುದು ನನ್ನ ಕಸುಬು. ಪಾಲಿಕಾರ್ಬನೇಟ್ ಎಂಬ ಗಾಜಿನಂಥ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಕಟ್ಟಿಗೆಯ ಅಚ್ಚಿನ ಮೇಲೆ ಹಾಸಿ, ಕೆಳಗಿನಿಂದ ಗಾಳಿ ಎಳೆದರೆ ಅದು ಅಚ್ಚನ್ನು ಅಪ್ಪಿಕೊಂಡು ಕಾರೋ ಟ್ರ್ಯಾಕ್ಟರೋ ಆಗುತ್ತದೆ. ಆಗಬೇಕು.

೧. ಒಂಬತ್ತನೇ ಹಾಳೆ

ಮೊದಮೊದಲು ಹಾಳೆ ಕಾಯಿಸಲು ಇದ್ದದ್ದು ಹೆಂಡತಿಯ ಓವನ್ ಒಂದೇ. ಒಂದು ಜೀಪಿನ ಮೈ ಎಂಟು ದಿನದಿಂದ ಸತಾಯಿಸುತ್ತಿತ್ತು. ಒಮ್ಮೆ ಬಾನೆಟ್ ಸುಕ್ಕು, ಇನ್ನೊಮ್ಮೆ ಮೂಲೆ ಹರಿಯುವುದು. ಈದ್ ಹಬ್ಬದ ಹಿಂದಿನ ದಿನ ಒಂಬತ್ತನೇ ಹಾಳೆ ಹಿಡಿದು ಅಡುಗೆಮನೆಗೆ ಹೋದರೆ ಓವನ್ನಿನಲ್ಲಿ ನಾನಖಟಾಯಿ ಬಿಸ್ಕತ್ತು ಬೇಯುತ್ತಿತ್ತು. ಆಕೆ ಸ್ನಾನಕ್ಕೆ ಹೋಗಿದ್ದಳು. ಕಾಯುವ ತಾಳ್ಮೆ ನನಗೆಲ್ಲಿಯದು? ಮೇಲಿನ ಖಾನೆಯಲ್ಲಿ ಹಾಳೆ ತೂರಿಸಿ, ಬಿಸಿ ಏರಿಸಿ, ಅತ್ತಿಂದಿತ್ತ ತಿರುಗಾಡಿದೆ. ಬಾಗಿಲು ತೆಗೆದಾಗ ಹಾಳೆ ಜೋತುಬಿದ್ದು ಕೆಳಗಿನ ತಟ್ಟೆಯ ಮೇಲೆ ಮಲಗಿತ್ತು. ಎತ್ತಿ ನೋಡಿದರೆ ಇಪ್ಪತ್ತು ನಾನಖಟಾಯಿಗಳ ಪಡಿಯಚ್ಚು, ಬಿರುಕುಗಳ ಸಮೇತ.

ಹೆಂಡತಿ ತಲೆ ಒರೆಸಿಕೊಳ್ಳುತ್ತ ಬಂದು ಹಾಳೆಯನ್ನು ಬೆಳಕಿಗೆ ಹಿಡಿದಳು. ನಾನು ಬೈಗುಳಕ್ಕೆ ತಯಾರಾದೆ.

"ಅಲ್ರೀ, ನಿಮ್ಮ ಜೀಪು ಎಂಟ್ ದಿನಾ ಆದ್ರೂ ಬರವಲ್ದು. ನನ್ನ ನಾನಖಟಾಯಿ ಒಂದ ಸಲಕ್ಕ ಬಂತು ನೋಡ್ರಿ! ಇನ್ನ ಮ್ಯಾಲ ಅಡಿಗಿ ನೀವ ಮಾಡ್ರಿ, ಜೀಪ್ ನಾ ಮಾಡ್ತೇನಿ."

೨. ಮಂಕಾದ ಟ್ರ್ಯಾಕ್ಟರ್

ಮುಂಡಗೋಡ ಕಡೆಯ ಚಿಗಳ್ಳಿಯ ರೈತರೊಬ್ಬರು ತಮ್ಮ ಹೊಸ ಟ್ರ್ಯಾಕ್ಟರಿನಂಥದ್ದೇ ಪುಟ್ಟ ಮೈ ಮಾಡಿಸಿಕೊಂಡು ಹೋದರು. ಮರುದಿನವೇ ಫೋನ್.

"ಬಣ್ಣ ಮಂಕ ಆಗೇತ್ರಿ. ಹೊಳಪ ಇಲ್ಲ."

ನನಗೆ ಊಟ ಸೇರಲಿಲ್ಲ. ಸಂಜೆಯೊಳಗೆ ನಾಲ್ಕು ಸಲ ಫೋನ್ ಮಾಡಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದರಂತೆ, ಕೊಬ್ಬರಿ ಎಣ್ಣೆಯನ್ನೂ ಸವರಿದ್ದರಂತೆ. ಬೆಳಗಾಗುತ್ತಲೇ ಮುಂಡಗೋಡದ ಬಸ್ಸು ಹತ್ತಿದೆ. ಅವರ ಪಡಸಾಲೆಯಲ್ಲಿ ನೋಡುತ್ತೇನೆ, ಗೀರು ಬೀಳದಿರಲೆಂದು ಮೇಲೆ ಅಂಟಿಸಿರುವ ತೆಳು ಪೊರೆ ಹಾಗೇ ಇದೆ!

"ಯಜಮಾನ್ರ, ಈ ಪ್ಲಾಸ್ಟಿಕ್ ಸುಲದು ತಗೀಬೇಕ್ರಿ. ಹೇಳಿದ್ನಲ್ಲಾ?"

"ತಗ್ಯೂದಾ? ಹೊಸಾದಕ್ಕ?" ಎಂದು ಅವರು ತಾವು ಕುಳಿತ ಸೋಫಾ ತಟ್ಟಿದರು. ಅದು ಚರಚರ ಎಂದಿತು. "ಇದನ್ನ ತಂದು ಆರ್ ವರ್ಷ ಆತ್ರಿ. ಇದರದ ಇನ್ನಾ ತಗದಿಲ್ಲ!"

೩. ಡ್ರೈವರ್ ಸಾಹೇಬರ ಬಸ್ಸು

ಜೊಯಿಡಾದಲ್ಲಿ ಬಸ್ ಡ್ರೈವರ್ ಒಬ್ಬರು ನಿವೃತ್ತರಾಗುವವರಿದ್ದರು. ಅವರು ಬಹುಕಾಲ ಓಡಿಸಿದ ರಾಮನಗರದ ಬಸ್ಸನ್ನೇ ಚಿಕ್ಕದಾಗಿ ಮಾಡಿಕೊಡಿ ಎಂದು ಜೊತೆಗಾರರು ಕೇಳಿದರು. ಇಂಥ ಮೈಗೆ ಬಣ್ಣ ಬಳಿಯುವುದು ಒಳಗಿನಿಂದ. ಹಾಗಾಗಿ ಅಕ್ಷರಗಳನ್ನು ತಿರುಗುಮುರುಗಾಗಿ ಬರೆದರೆ ಮಾತ್ರ ಹೊರಗಿನಿಂದ ನೆಟ್ಟಗೆ ಕಾಣುತ್ತವೆ. ಹೊರಡುವ ಗಡಿಬಿಡಿಯಲ್ಲಿ ನಾನು ನೆಟ್ಟಗೇ ಬರೆದೆ. ಒಳಗಿನಿಂದಲೇ ನೋಡಿ, ಮೆಚ್ಚಿ, ಡಬ್ಬಿಗೆ ಹಾಕಿದೆ.

ನಿಲ್ದಾಣದಲ್ಲಿ ಹಾರ, ಪೇಢೆ, ಎರಡು ಭಾಷಣ. ಡಬ್ಬಿ ತೆರೆದಾಗ ಬೋರ್ಡಿನ ಮೇಲೆ 'ರಾಮನಗರ' ಕನ್ನಡಿಯಲ್ಲಿ ಕಂಡಂತೆ ಹಿಂದುಮುಂದಾಗಿತ್ತು. ಡ್ರೈವರ್ ಕಣ್ಣು ಕಿರಿದು ಮಾಡಿದರು. ಜೊತೆಗಾರರು ನನ್ನನ್ನು ನೋಡಿದರು. ಓಡಿಹೋಗಲು ಯಾವ ಬಸ್ಸಿದೆ ಎಂದು ನಾನು ನೋಡಿದೆ. ಒಂದೂ ಇರಲಿಲ್ಲ.

"ಇರ್ಲಿ ಬಿಡ್ರಿ," ಎಂದರು ಡ್ರೈವರ್, ಬಸ್ಸನ್ನು ಎದೆಗೆ ಹಿಡಿದು. "ಇದು ರಾಮನಗರಕ್ಕ ಹೋಗೂದಲ್ಲ, ರಾಮನಗರದಿಂದ ವಾಪಸ್ ಬಂದದ್ದು!"

ಎಲ್ಲರೂ ನಕ್ಕರು. ನನಗೆ ಹೋದ ಉಸಿರು ಬಂತು. ಅವರು ಒದ್ದೆ ಕಣ್ಣಲ್ಲೇ ರಿಮೋಟ್ ಹಿಡಿದು ಬಸ್ಸನ್ನು ಕಟ್ಟೆಯವರೆಗೆ ಓಡಿಸಿ ನಿಲ್ಲಿಸಿದರು. ಕಟ್ಟೆಯ ಮೇಲೆ ಚೀಲ ತಬ್ಬಿಕೊಂಡು ಕುಳಿತಿದ್ದ ಅಜ್ಜಿ ಮಾತ್ರ ನಗಲಿಲ್ಲ. ಬಸ್ಸನ್ನೊಮ್ಮೆ, ಡ್ರೈವರನ್ನೊಮ್ಮೆ ದಿಟ್ಟಿಸಿ ಕೇಳಿದಳು:

"ವಾಪಸ್ಸ ಬಂತಾ? ಹಂಗಾರ ಹೋಗಿದ್ದು ಯಾವಾಗೋ ತಮ್ಮಾ? ನಾ ಎರಡ್ ತಾಸಿಂದ ಇಲ್ಲೇ ಕುಂತೇನಿ!"