ಮಲಪ್ರಭೆಗೆ ಇಳಿಯುವ ಹದಿನೇಳು ದಾರಿ

ನನ್ನ ಸೋದರಮಾವನಷ್ಟು ದಾರಿ ಗೊತ್ತಿಲ್ಲದ ಮನುಷ್ಯ ಮುಂಬಯಿಯಲ್ಲಿ ಇನ್ನೊಬ್ಬನಿರಲಾರ. ಇಪ್ಪತ್ತು ವರ್ಷ ವಡಾಲದ ಚಾಳಿನಲ್ಲಿದ್ದೂ ಸ್ಟೇಷನ್ನಿನಿಂದ ಮನೆಗೆ ಬರಲು ದಿನಾ ಯಾರನ್ನಾದರೂ ಕೇಳುತ್ತಿದ್ದ. ಆದರೆ ಸವದತ್ತಿಯ ಕಡೆ ಮಲಪ್ರಭೆಗೆ ಇಳಿಯುವ ಹದಿನೇಳು ದಾರಿಗಳು ಅವನಿಗೆ ಬಾಯಿಪಾಠ! ಯಾವ ದಂಡೆ ಜಾರುತ್ತದೆ, ಯಾವ ಬಂಡೆಯ ಮೇಲೆ ಮೊಸಳೆ ಬಿಸಿಲು ಕಾಯಿಸುತ್ತದೆ, ನೀರುನಾಯಿಗಳು ಎಷ್ಟು ಹೊತ್ತಿಗೆ ಮೀನಿಗೆ ಬರುತ್ತವೆ, ಎಲ್ಲವನ್ನೂ ಯಾರೂ ಕೇಳದಿದ್ದರೂ ಹೇಳುತ್ತಿದ್ದ.

ಊರಿಗೆ ಹೊರಟವರಿಗೆ ಚಾಳಿನ ಉಳಿದವರು ರೊಟ್ಟಿ, ಕೆಂಪು ಖಾರ ತರಲು ಹೇಳಿದರೆ, ಇವನು ನಕಾಶೆ ಬರೆದು ಕೊಡುತ್ತಿದ್ದ.

"ನಾಕನೇ ದಾರೀಲೆ ಇಳಿ. ಒಂಬತ್ತನೇದು ಎಮ್ಮಿ ಇಳಿಯೂದು, ನಿನಗಲ್ಲ."

ಪಕ್ಕದ ಖೋಲಿಯವರೊಬ್ಬರು ನದಿಯನ್ನು ಬಸ್ಸಿನ ಕಿಟಕಿಯಿಂದಲೇ ನೋಡಿ ಬಂದರು. ಮಾವ ನಾಲ್ಕು ತಿಂಗಳು ಅವರೊಡನೆ ಮಾತು ಬಿಟ್ಟ. "ಹೆಂಡ್ತೀನ್ನೂ ಫೋಟೋದಾಗ ನೋಡಕೋತ ಇರು ಅಂತ ಹೇಳ್ರಿ ಅವಗ" ಎಂದು ಗೋಡೆಗೆ ಕೇಳಿಸುವಂತೆ ಗುಡುಗಿದ.

ಕಾಂದಿವಲಿಯ ಕಾರ್ಖಾನೆಯಲ್ಲಿ ಅವನ ಮೊಣಕಾಲು ಜಜ್ಜಿದ ಮೇಲೆ ಈ ಕಾಟ ಮಿತಿಮೀರಿತು. ದಂಡೆ ಇಳಿಯುವುದು ಇನ್ನು ಅವನಿಂದಾಗದು. ಅತ್ತ ನದಿಗೆ ಆಣೆಕಟ್ಟು ಮುಗಿಯುತ್ತ ಬಂದಿತ್ತು. ನೀರು ನಿಂತರೆ ನಾಲ್ಕನೇ ದಾರಿ ಮುಳುಗುತ್ತದೆ, ಅದಕ್ಕೆ ಮೊದಲು ಯಾರಾದರೂ ನೀರುನಾಯಿಗಳನ್ನು ನೋಡಿ ಬರಬೇಕು. ಯಾರಾದರೂ ಎಂದರೆ ಯಾರು? ನಾನು!

ಅದು ಎಪ್ಪತ್ತೆರಡೋ ಎಪ್ಪತ್ತಮೂರೋ. ನನಗೆ ಸಿಟ್ಟು ಬಂದದ್ದಷ್ಟೇ ಖಾತ್ರಿ. ಉಳಿದದ್ದಕ್ಕೆ ನೆನಪು ಆಮೇಲೆ ಇಸ್ತ್ರಿ ಹಾಕಿರಬಹುದು.

"ಮಾಮಾ, ನಾ ಧಾರವಾಡಕ್ಕ ಹೆಣ್ಣು ನೋಡಾಕ ಹೊಂಟೀನಿ."

"ಹೆಣ್ಣು ಎಲ್ಲಿ ಹೋಗ್ತೈತಿ? ನೀರುನಾಯಿ ಇರೂದಿಲ್ಲ."

ವರನ ಜೇಬಿನಲ್ಲಿ ಇಂಥ ನಕಾಶೆ ಇಡುವವರನ್ನು ಏನನ್ನಬೇಕು? ಹಟಕ್ಕೆ ನಾನು ಧಾರವಾಡ ದಾಟಲೇ ಇಲ್ಲ. ಹುಡುಗಿ ನನ್ನನ್ನು ಒಪ್ಪಲಿಲ್ಲ, ಆ ಸಿಟ್ಟೂ ಮಾವನ ಲೆಕ್ಕಕ್ಕೇ ಹೋಯಿತು.

ವಾಪಸು ಬಂದವನು ಮಾವನ ಬಾಗಿಲಲ್ಲೇ ಸುಳ್ಳು ಒದರಿದೆ. "ನಾಕನೇ ದಾರೀಲೇ ಇಳಿದೆ. ಏಳು ಇದ್ದುವು."

"ಸಣ್ಣದು ಹಿಂದ ಉಳಿದಿತ್ತೇನು?"

"ಉಳಿದಿತ್ತು. ತಾಯಿ ತಿರುಗಿ ಬಂದು ಕರಕೊಂಡು ಹೋತು."

ಮಾವ ಬೈಯಲಿಲ್ಲ. ಮೊಣಕಾಲು ನೀವಿಕೊಳ್ಳುತ್ತ, "ನಿಧಾನಕ್ಕ ಹೇಳೋ" ಎಂದ. ಬಾಯಿಗೆ ಬಂದಷ್ಟು ಹೇಳಿ ಎದ್ದೆ.

ಅತ್ತೆ ಮೆಟ್ಟಿಲವರೆಗೆ ಹಿಂದೆ ಬಂದಳು. "ನೀ ಹ್ವಾದ ಮರುದಿನಾನ ಊರಿಂದ ಕಾಗದ ಬಂದಿತ್ತಪ್ಪ. ಆ ದಾರಿ ಮುಳುಗಿ ತಿಂಗಳಾತಂತ. ನಿಮ್ಮ ಮಾಮಾನೇ ಓದಿ ಹೇಳಿದ್ರು ನನಗ."

ಎರಡು ಮೆಟ್ಟಿಲು ಇಳಿದೆ. ಅತ್ತೆ ಮತ್ತೆ ಕರೆದಳು.

"ನಾಳೆನೂ ಬರ್ತಿಯೇನು? ಇನ್ನೂ ಕೇಳೂದೈತಂತ ಅವರಿಗೆ."

ಮರುದಿನ ಅರ್ಧ ದಿನ ರಜೆ ಹಾಕಿ ಹೋದೆ. ಮಾವ ಗಡ್ಡ ಹೆರೆದು, ಒಗೆದ ಅಂಗಿ ತೊಟ್ಟು, ತನ್ನ ಕುರ್ಚಿಯೆದುರು ಇನ್ನೊಂದು ಕುರ್ಚಿ ಹಾಕಿ ಕಾಯುತ್ತಿದ್ದ.