ಇಂಜಿನ್ನಿಗೆ ಅಕ್ಷತೆ

ನಮ್ಮ ಸೋದರಮಾವ ಅಮೆರಿಕದಲ್ಲಿ ಸಾವಿರಾರು ಜನರ ಪ್ರಜ್ಞೆ ತಪ್ಪಿಸಿದ್ದಾರೆ! ಗಾಬರಿಯಾಗಬೇಡಿ, ಅವರು ಅರಿವಳಿಕೆ ಡಾಕ್ಟರು. ಅರವತ್ತರ ದಶಕದ ಕೊನೆಗೆ ಮೈಸೂರು ಬಿಟ್ಟು ಬಂದವರು, ಮೇರಿಲ್ಯಾಂಡಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೈದು ವರ್ಷ ಜನರನ್ನು ಮಲಗಿಸಿದರು, ಮಲಗಿಸಿದವರನ್ನೆಲ್ಲ ಎಬ್ಬಿಸಿಯೂ ಕಳಿಸಿದರು. ಅವರ ಕೈಯಲ್ಲಿ ಮಲಗಿ, ಏಳುವುದಿಲ್ಲ ಎಂದು ಹಟ ಹಿಡಿದದ್ದು ಒಂದೇ ಒಂದು. ಅದು ಅವರೇ ಕಟ್ಟಿದ ಕಾರು.

ಕಾರು ಕಟ್ಟುವುದೇ? ಅದೇನು ಹೂವಿನ ಮಾಲೆಯೇ? ನಾನೂ ಹಾಗೇ ಅಂದುಕೊಂಡಿದ್ದೆ. ತೊಂಬತ್ತರ ದಶಕದ ನಡುವಿನಲ್ಲಿ ಗಂಡನ ಹಿಂದೆ ಮೇರಿಲ್ಯಾಂಡಿನ ಎಲಿಕಾಟ್ ಸಿಟಿಗೆ ಬಂದಿಳಿದ ಹೊಸತು. ಅವರಿಗೆ ಲ್ಯಾಬಿನಲ್ಲಿ ಕೆಲಸ, ನನಗೆ ಕೆಲಸ ಮಾಡುವ ವೀಸಾ ಇಲ್ಲ. ಎರಡು ಮೈಲಿಯಾಚೆ ಮಾವನ ಮನೆ. ಹೊತ್ತು ಹೋಗದೆ ಒಂದು ಶನಿವಾರ ಹೋದರೆ, ಅತ್ತೆ ಬಾಗಿಲಲ್ಲೇ ಎಚ್ಚರಿಸಿದರು. "ಗರಾಜ್‌ನಲ್ಲಿದ್ದಾರೆ. ಆ ಕಡೆ ಹೋಗ್ಬೇಡ ಕಣೇ, ಹೋದ್ರೆ ಕೈಗೆ ಸ್ಪ್ಯಾನರ್ ಕೊಟ್ಟು ನಿಲ್ಲಿಸಿಬಿಡ್ತಾರೆ."

ನಾನು ಹೋದೆ. ಸ್ಪ್ಯಾನರ್ ಹಿಡಿದುಕೊಂಡು ನಿಂತೆ. ಎರಡು ವರ್ಷ ನಿಂತೇ ಇದ್ದೆ!

ಕಿಟ್ ಕಾರ್ ಎಂದರೆ ಪೆಟ್ಟಿಗೆಗಳಲ್ಲಿ ಬರುವ ಕಾರು. ಕಬ್ಬಿಣದ ಚೌಕಟ್ಟು ಒಂದು ಕಡೆ, ಫೈಬರ್‌ಗ್ಲಾಸ್ ಮೈ ಇನ್ನೊಂದು ಕಡೆ. ಜೋಡಿಸುವ ಕೆಲಸ ಕೊಂಡವರದು. ಇಂಜಿನ್ ಮಾತ್ರ ಬೇರೆಯವರಿಂದ ತರಿಸಬೇಕು. ಹೆಣ್ಣು ಒಂದು ಮನೆಯದು, ಗಂಡು ಒಂದು ಮನೆಯದು, ತಾಳಿ ಕಟ್ಟಿಸುವ ಪುರೋಹಿತರು ನೀವು. ಸಂಸಾರ ಕೆಟ್ಟರೆ ಯಾರನ್ನು ಬೈಯುತ್ತೀರಿ? ಅದರಲ್ಲೂ ನಮ್ಮ ಮಾವ ನೋಡಿ ತಂದ ಗಂಡು ಸಾಮಾನ್ಯದ್ದಲ್ಲ. ನಾರ್ತ್ ಕೆರೊಲಿನಾದಲ್ಲಿ ರೇಸ್ ಕಾರುಗಳಿಗೆಂದೇ ಇಂಜಿನ್ ಮಾಡುವ ರಾಯ್ ಎಂಬ ಮುದುಕನ ಶೆಡ್ಡಿನಿಂದ ಬಂದದ್ದು. ಇಬ್ಬರು ಕೂರುವ ಆ ಪುಟ್ಟ ಕಾರಿಗೆ ಅದು ಬಡಕಲು ಹುಡುಗನಿಗೆ ಪೈಲ್ವಾನನ ಎದೆ ಇಟ್ಟ ಹಾಗಿತ್ತು. ಜೊತೆಗೆ ಒಂದು ವರ್ಷದ ವಾರಂಟಿ. ಮಾವ ಆ ಕಾಗದವನ್ನು ತಮ್ಮ ಎಂ.ಬಿ.ಬಿ.ಎಸ್. ಸರ್ಟಿಫಿಕೇಟಿನ ಫೈಲಿನಲ್ಲಿಟ್ಟರು.

ಕಾರು ನಿಂತಲ್ಲೇ ಗುಡುಗಲು ಶುರುಮಾಡಿದ ವಾರವೇ ಮಾವ ಪ್ರಕಟಿಸಿದರು: "ಅಟ್ಲಾಂಟಕ್ಕೆ ಹೋಗಿ ಬರ್ತೀನಿ. ಇಂಜಿನ್ ಟೆಸ್ಟ್ ಆಗ್ಬೇಕಲ್ಲ."

ಇಂಜಿನ್ ಪರೀಕ್ಷೆಗೆ ಆರುನೂರೈವತ್ತು ಮೈಲಿ ಯಾರಾದರೂ ಹೋಗುತ್ತಾರೆಯೇ? ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತಾ ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಅಟ್ಲಾಂಟದ ಹತ್ತಿರ ಕಮ್ಮಿಂಗ್ ಎಂಬ ಊರಿನಲ್ಲಿ ಅವರ ಒಬ್ಬಳೇ ಮಗಳು ವಿದ್ಯಾ ಇದ್ದಾಳೆ. ಮೆಡಿಕಲ್ ಸ್ಕೂಲಿನ ಎರಡನೇ ವರ್ಷದಲ್ಲಿ, ನನಗಿದು ಬೇಡ, ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತೇನೆ ಎಂದು ಬಿಟ್ಟು ಬಂದಳು. ಮಾವ, "ಡಾಕ್ಟರ್ ಆಗ್ದೆ ಈ ಮನೆ ಬಾಗಿಲಿಗೆ ಬರ್ಬೇಡ" ಎಂದರು. ಮಗಳೂ ಅಪ್ಪನ ಮಗಳೇ. ಬರಲಿಲ್ಲ.

"ಅವಳಿಗೆ ಹನ್ನೆರಡು ವರ್ಷ ಆಗಿದ್ದಾಗ ಇಬ್ರೂ ಸೇರಿ ಇಂಥದ್ದೇ ಕಾರು ಕಟ್ಟೋಣ ಅಂತ ಮಾತಾಡ್ಕೊಂಡಿದ್ರು" ಎಂದರು ಅತ್ತೆ. "ಆಮೇಲೆ ಪರೀಕ್ಷೆ ಬಂತು, ಕಾಲೇಜ್ ಬಂತು, ಕಾರು ಬರ್ಲಿಲ್ಲ. ಅವಳು ಹೋದ್ಮೇಲೆ ತರಿಸಿದ್ರು. ವಿಮಾನದಲ್ಲಿ ಎರಡು ಗಂಟೆ ಕಣೇ! ಡ್ರೈವ್‌ವೇನಲ್ಲಿ ಒಂದು ದಿನವೂ ಕೆಡದ ಜಪಾನ್ ಕಾರ್ ಬೇರೆ ಇದೆ. ಅದ್ರಲ್ಲಿ ಹೋದ್ರೆ ಯಾಕೆ ಬಂದೆ ಅಂತ ಹೇಳ್ಬೇಕಾಗತ್ತಲ್ಲ? ಇದ್ರಲ್ಲಿ ಹೋದ್ರೆ ಕಾರ್ ತೋರ್ಸೋಕೆ ಬಂದೆ ಅನ್ಬೋದು."

ನಾಲ್ಕು ನೂರು ಕುದುರೆಗಳ ಶಕ್ತಿ ಬೇಕಾಗಿತ್ತು ನೋಡಿ ನಮ್ಮ ಮಾವನಿಗೆ, ಮಗಳ ಮನೆಯ ಬೆಲ್ ಒತ್ತಲು!

ಮೊದಲ ಸಲ ಹೊರಟವರು ದಾರಿಯ ಕಾಲು ಭಾಗವೂ ಅಲ್ಲದ ರಿಚ್ಮಂಡ್ ಕೂಡ ಮುಟ್ಟಲಿಲ್ಲ. ಕಾರಿನ ಮೂತಿಯಿಂದ ಇಡ್ಲಿ ಪಾತ್ರೆಯಂತೆ ಹಬೆ ಎದ್ದು, ಟೋ ಟ್ರಕ್ಕಿನ ಮೇಲೆ ಕಾರು, ಅದರ ಡ್ರೈವರನ ಪಕ್ಕ ಮಾವ, ಹೀಗೆ ವಾಪಸಾದರು. ಮರುದಿನ ಫೋನಿನ ಪ್ರಹಸನ. ಕಿಟ್ ಕಂಪನಿಯವರು, ತಪ್ಪು ಇಂಜಿನ್ನಿನದು ಎಂದರು. ಇಂಜಿನ್ ಮಾಡಿದ ರಾಯ್, ತಪ್ಪು ಕೂರಿಸಿದವನದು ಎಂದ.

"ಇನ್‌ಸ್ಟಾಲ್ ಮಾಡಿದ್ದು ಯಾರು, ಡಾಕ್?"

"ನಾನೇ."

"ಹಾಗಾದ್ರೆ ಅವರ ಹತ್ರ ವಾರಂಟಿ ಕ್ಲೇಮ್ ಮಾಡಿ."

ಮಾವ ತಮ್ಮ ಮೇಲೆ ತಾವೇ ಕ್ಲೇಮ್ ಹಾಕಿಕೊಂಡು, ದೊಡ್ಡ ರೇಡಿಯೇಟರ್ ತರಿಸಿ, ಆ ಬೇಸಿಗೆಯೆಲ್ಲ ಅದನ್ನು ಕೂರಿಸಿದರು. ರಾಯ್ ಮಾತ್ರ ಅಂದಿನಿಂದ ನಮ್ಮ ಮನೆಗಳಲ್ಲಿ 'ರಾಯರು' ಆದ. ಗುರುವಾರವೇ ಫೋನ್ ಮಾಡಿ ಮಾವ, ಒಲಿಯುತ್ತಾರೆ ಎಂದು ನಾನು ಸಲಹೆಯನ್ನೂ ಕೊಟ್ಟೆ.

ರಾಯರು ಒಲಿಯುವ ಕಾಲಕ್ಕೆ ಆಯುಧಪೂಜೆ ಬಂತು. ಹೊಸ ಕಾರಿಗೆ ಪೂಜೆಯಿಲ್ಲದೆ ಕೆರೊಲಿನಾ ದಾಟುವುದುಂಟೇ? ಗರಾಜಿಗೆ ನಲವತ್ತು ಜನ ಕನ್ನಡಿಗರು ಸೇರಿದರು. ವಾರವೆಲ್ಲ ಡೇಟಾಬೇಸ್ ನೋಡಿಕೊಂಡು ವಾರಾಂತ್ಯದಲ್ಲಿ ಮಂತ್ರ ಹೇಳುವ ನಮ್ಮ ಭಟ್ಟರು ಬಂದರು. ಬೂದುಗುಂಬಳಕಾಯಿ ಸಿಗಲಿಲ್ಲ. ಅಕ್ಟೋಬರ್ ಆದ್ದರಿಂದ ಹ್ಯಾಲೋವೀನಿನ ಕಿತ್ತಳೆ ಕುಂಬಳಕಾಯಿ ಬೇಕಾದಷ್ಟಿದ್ದವು. ಭಟ್ಟರು ಒಂದು ಕ್ಷಣ ಯೋಚಿಸಿ, "ದೇಶ ಕಾಲ ನೋಡ್ಕೊಂಡು ಮಾಡ್ಬೋದು" ಎಂದು ಅದನ್ನೇ ಒಡೆಸಿದರು.

ಅಲ್ಲಿಯವರೆಗೆ ಎಲ್ಲ ಸರಿಯಾಗೇ ಇತ್ತು. ಆದರೆ ಬಂದವರೆಲ್ಲ ಇಂಜಿನ್ನಿನ ಅಂದ ನೋಡಬೇಡವೇ? ಮಾವ ಬಾನೆಟ್ ಎತ್ತಿ, ಮೇಲಿದ್ದ ಗಾಳಿ ಸೋಸುವ ಮುಚ್ಚಳವನ್ನೂ ತೆಗೆದಿಟ್ಟಿದ್ದರು. ಅದರಡಿ ಇಂಜಿನ್ನಿಗೆ ಗಾಳಿ ಎಳೆಯುವ ಕಾರ್ಬುರೇಟರಿನ ನಾಲ್ಕು ಬಾಯಿಗಳು ಆಕಾಶಕ್ಕೆ ತೆರೆದುಕೊಂಡು ಥಳಥಳ ಹೊಳೆಯುತ್ತಿದ್ದವು. ಭಟ್ಟರು "ಎಲ್ಲರೂ ಅಕ್ಷತೆ ಹಾಕಿ" ಎಂದರು. ನಲವತ್ತು ಜನವೂ ಹಾಕಿದರು. ಧಾರಾಳವಾಗಿ ಹಾಕಿದರು! ಮದುವೆ ಮನೆಯಲ್ಲಿ ಹಿಂದಿನ ಸಾಲಿನಿಂದ ಎಸೆಯುವ ಅಭ್ಯಾಸದವರು ಹಿಂದಿನಿಂದಲೂ ಎಸೆದರು. ಗುರಿ ತಪ್ಪಿದವರು ಮತ್ತೊಂದು ಹಿಡಿ ತೆಗೆದುಕೊಂಡರು.

ಮುಂದಿನ ಶನಿವಾರ ಮಾವ ನನ್ನನ್ನು ಪಕ್ಕ ಕೂರಿಸಿಕೊಂಡು ಓಡಿಸಿ ನೋಡಲೆಂದು ವರ್ಜೀನಿಯಾದ ಆಲ್ಡಿಯತ್ತ ಹೊರಟರು. ಆಗ ಅಲ್ಲಿ ಮನೆಗಳಿಗಿಂತ ಕುದುರೆಗಳೇ ಹೆಚ್ಚು, ರಸ್ತೆ ಖಾಲಿ. ಒಂದು ಇಳಿಜಾರಿನಲ್ಲಿ ಮಾವ ಆಕ್ಸಿಲರೇಟರ್ ಒತ್ತಿ ಕಾಲು ತೆಗೆದರು. ಕಾರು ಮಾತ್ರ ವೇಗ ತಗ್ಗಿಸಲಿಲ್ಲ! ಮಾವ ಗಾಬರಿಯಲ್ಲಿ ಕ್ಲಚ್ಚೂ ಬ್ರೇಕೂ ಒಟ್ಟಿಗೆ ಒತ್ತಿದರು. ಕಾರೇನೋ ನಿಧಾನವಾಯಿತು, ಹಿಡಿಯುವವರಿಲ್ಲದ ಇಂಜಿನ್ ಮಾತ್ರ ಕಿರುಚುತ್ತಾ ಕಿರುಚುತ್ತಾ ಮೇಲೇರಿ, ಟಪ್ ಎಂದು ಸುಮ್ಮನಾಯಿತು. ಬೇಲಿಯಾಚೆಯಿಂದ ಒಂದು ಕುದುರೆ ಕತ್ತು ಚಾಚಿ ನೋಡಿತು.

"ಮಾವ, ಕುದುರೆ ನಗ್ತಾ ಇದೆ."

"ನಗ್ಲಿ ಬಿಡೇ. ಅದು ಬರೀ ಒಂದೇ ಹಾರ್ಸ್‌ಪವರ್" ಎಂದರು ಮಾವ.

ಇಂಜಿನ್ ಟ್ರಕ್ಕು ಹತ್ತಿ ಕೆರೊಲಿನಾಕ್ಕೆ ಹೋಯಿತು. ಎರಡು ವಾರದ ಮೇಲೆ ರಾಯರ ಫೋನ್. ಮಾವ ಸ್ಪೀಕರಿಗೆ ಹಾಕಿದರು.

"ಡಾಕ್, ನಲವತ್ತು ವರ್ಷದಿಂದ ಇಂಜಿನ್ ಬಿಚ್ತಿದೀನಿ. ಒಳಗೆ ನಟ್ ಸಿಕ್ಕಿದೆ, ಒಂದ್ಸಲ ಇಲಿಯೂ ಸಿಕ್ಕಿದೆ. ಅಕ್ಕಿ ಸಿಕ್ಕಿದ್ದು ಇದೇ ಮೊದಲು. ಅದೂ ಹಳದಿ ಅಕ್ಕಿ. ಗಾಳಿಯ ಬಾಗಿಲಿಗೆ ಸಿಕ್ಕಿಕೊಂಡು ಅದು ಮುಚ್ಚೇ ಇಲ್ಲ. ವಾಲ್ವ್ ಎಲ್ಲ ಬಾಗಿದೆ. ಇದರ ಮೇಲೆ ಅಡುಗೆ ಮಾಡಿದ್ರಾ?"

ಮಾವ ಕಾರಿಗೆ ಪೂಜೆ ಮಾಡಿದ್ದನ್ನೂ, ಆಶೀರ್ವಾದದ ಅಕ್ಕಿಯ ಮಹಿಮೆಯನ್ನೂ ವಿವರಿಸಿದರು.

"ಸಾರಿ ಡಾಕ್. ವಾರಂಟಿಯಲ್ಲಿ ಆಕ್ಟ್ ಆಫ್ ಗಾಡ್ ಕವರ್ ಆಗಲ್ಲ."

ಮಾವ ಎದ್ದು ನಿಂತರು. "ಇದು ದೇವರು ಮಾಡಿದ್ದಲ್ಲ ರಾಯ್. ದೇವರಿಗೆ ನಾವು ಮಾಡಿದ್ದು!"

ಇಂಥ ವಾದಕ್ಕೆ ಯಾವ ವಕೀಲ ಉತ್ತರ ಕೊಟ್ಟಾನು? ರಾಯರು ಬಿದ್ದು ಬಿದ್ದು ನಕ್ಕು, ವಾರಂಟಿ ಇಲ್ಲ, ಆದರೆ ಚಳಿಗಾಲದಲ್ಲಿ ಕೆಲಸ ಕಡಿಮೆ ಇದ್ದಾಗ ರಿಪೇರಿ ಮಾಡಿ ಕಳಿಸುತ್ತೇನೆ ಎಂದರು.

ಆ ಚಳಿಗಾಲ ಇಂಜಿನ್ನಿಲ್ಲದ ಕಾರು ಗರಾಜಿನಲ್ಲಿ ಬಾಯಿ ತೆರೆದು ನಿಂತಿತ್ತು. ಮಾವನಿಗೆ ಮಾಡಲು ಕೆಲಸವಿಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ವಿದ್ಯಾ ಅಮ್ಮನಿಗೆ ಫೋನ್ ಮಾಡುತ್ತಿದ್ದಳು. ಸರಿಯಾಗಿ ಹತ್ತಕ್ಕೆ ಐದು ನಿಮಿಷವಿದ್ದಾಗ ಮಾವ ಅಡುಗೆಮನೆಗೆ ಬಂದು ಡ್ರಾಯರಿನಲ್ಲಿ ಸ್ಕ್ರೂಡ್ರೈವರ್ ಹುಡುಕಲು ಶುರುಮಾಡುತ್ತಿದ್ದರು. ಚಮಚ, ಸೌಟು, ಲಟ್ಟಣಿಗೆ ಇರುವ ಡ್ರಾಯರಿನಲ್ಲಿ! ಅತ್ತೆಯೂ ಕಿವುಡರ ಜೊತೆ ಮಾತಾಡುವವರ ಹಾಗೆ ಮಗಳ ಮಾತನ್ನೆಲ್ಲ ಗಟ್ಟಿಯಾಗಿ ಒಪ್ಪಿಸುತ್ತಿದ್ದರು. "ಏನು, ಜ್ವರ ಬಿಡ್ತಾ? ಕೆಮ್ಮು ಇನ್ನೂ ಇದ್ಯಾ?" ಫೋನ್ ಇಟ್ಟ ಮೇಲೆ ಮಾವ ಯಾರಿಗೋ ಎಂಬಂತೆ, "ಕೆಮ್ಮಿಗೆ ಬಿಸಿನೀರು ಕುಡೀಬೇಕು" ಎಂದು ಹೇಳಿ, ಸ್ಕ್ರೂಡ್ರೈವರ್ ಇಲ್ಲದೆಯೇ ಹೊರಟುಹೋಗುತ್ತಿದ್ದರು. ನನಗೆ ಮೈಸೂರಿನಲ್ಲಿದ್ದ ನನ್ನ ಅಪ್ಪನ ದನಿ ಕೇಳಬೇಕೆನಿಸುತ್ತಿತ್ತು. ಅಷ್ಟು ದೂರದಲ್ಲಿದ್ದ ನನಗಾದರೂ ಸಮುದ್ರ ಅಡ್ಡ ಇತ್ತು. ಈ ಮನುಷ್ಯನಿಗೆ ಅಡ್ಡ ಇದ್ದದ್ದು ಒಂದು ಡ್ರಾಯರ್.

ಏಪ್ರಿಲ್‌ನಲ್ಲಿ ಇಂಜಿನ್ ಬಂದು ಕೂತಿತು. ಒಂದು ಶುಕ್ರವಾರ ಬೆಳಗಿನ ಐದಕ್ಕೆ ಮಾವ ಮತ್ತೆ ಹೊರಟರು. "ಆ ಡಬ್ಬಕ್ಕೆ ನಾನು ಕಾಲಿಡಲ್ಲ, ನೀನು ಹೋಗೇ" ಎಂದು ಅತ್ತೆ ಚಿತ್ರಾನ್ನದ ಜೊತೆ ನನ್ನನ್ನೂ ಕಟ್ಟಿ ಕಳಿಸಿದರು. ರಿಚ್ಮಂಡ್ ದಾಟಿತು. ವರ್ಜೀನಿಯಾ ದಾಟಿತು. ಇಂಜಿನ್ ಒಮ್ಮೆಯೂ ಕೆಮ್ಮಲಿಲ್ಲ, ಕಾಯಲಿಲ್ಲ. ನಾನು ಹಾಡು ಗುನುಗಲು ಶುರುಮಾಡಿದೆ. ಕಾರು ಸರಿಯಾಗಿ ಓಡಿದಷ್ಟೂ ಮಾವನ ಮಾತು ಕಡಿಮೆಯಾಗುತ್ತಾ ಬಂತು. ನಾರ್ತ್ ಕೆರೊಲಿನಾ ಮುಗಿಯುವ ಹೊತ್ತಿಗೆ ಇದ್ದಕ್ಕಿದ್ದಂತೆ ಹೆದ್ದಾರಿ ಬಿಟ್ಟು ತಿರುಗಿಸಿದರು.

"ಏನಾಯ್ತು ಮಾವ?"

"ಏನೋ ಸದ್ದು. ನಿಂಗೆ ಕೇಳಿಸ್ಲಿಲ್ವಾ?"

ನನಗೇನೂ ಕೇಳಿಸಿರಲಿಲ್ಲ. ಇಪ್ಪತ್ತು ನಿಮಿಷದಲ್ಲಿ ನಾವು ರಾಯರ ಶೆಡ್ಡಿನ ಮುಂದಿದ್ದೆವು. ಎಣ್ಣೆ ಮೆತ್ತಿದ ಟೋಪಿಯ, ತೆಳ್ಳನೆಯ ಮುದುಕ. ಇಂಜಿನ್ನಿನ ಮೈಮೇಲೆಲ್ಲ ಮೆಕ್ಯಾನಿಕ್ಕುಗಳ ಸ್ಟೆತೊಸ್ಕೋಪ್ ಇಟ್ಟು ಕೇಳಿದರು. ಮಾವ ತಮ್ಮದನ್ನೂ ಇಟ್ಟು ಕೇಳಿದರು. ರಾಯರು ತಲೆಯಾಡಿಸಿ, "ಡಾಕ್, ನಾನು ಕಟ್ಟಿದ್ದರಲ್ಲೇ ಇದು ಒಳ್ಳೇದು. ಸದ್ದೇ ಇಲ್ಲ" ಎಂದರು.

"ಇದೆ" ಎಂದರು ಮಾವ. "ಬಿಚ್ಚಿ ನೋಡಿ."

"ಏನೂ ಆಗಿಲ್ಲದ್ದನ್ನ ಯಾಕೆ ಬಿಚ್ಚಲಿ?"

"ಇನ್ನೂ ಇನ್ನೂರು ಮೈಲಿ ಹೋಗ್ಬೇಕು. ನಡುವೆ ನಿಂತ್ರೆ?"

ರಾಯರು ನನ್ನನ್ನು ಪಕ್ಕಕ್ಕೆ ಕರೆದು, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದರು. ಮಗಳನ್ನು ನೋಡಲು, ನಾಲ್ಕು ವರ್ಷವಾಯಿತು ಎಂದೆ. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, ಆಫೀಸಿನ ಫೋನ್ ತೋರಿಸಿದರು. ಅತ್ತೆ ಬರೆದುಕೊಟ್ಟಿದ್ದ ನಂಬರ್ ನೋಡಿ ನಾನು ವಿದ್ಯಾಳ ಸ್ಕೂಲಿಗೆ ಮಾಡಿದೆ.

"ಅಪ್ಪ ಎಲ್ಲಿದಾರೆ? ವಾಟ್? ಕಾರ್ ಬ್ರೇಕ್‌ಡೌನ್ ಆಯ್ತಾ?"

"ಕಾರ್ ಚೆನ್ನಾಗಿದೆ ಕಣೇ. ನಿಂತುಬಿಟ್ಟಿರೋದು ಮಾವ."

ಆ ಕಡೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಆಮೇಲೆ ಅವಳು ವಿಳಾಸ ಕೇಳಿದಳು.

ಸಂಜೆ ಬಿಸಿಲು ಇನ್ನೂ ಇತ್ತು. ಮಾವ ಬಾನೆಟ್ ಎತ್ತಿಕೊಂಡೇ ನಿಂತಿದ್ದರು, ಚಿತ್ರಾನ್ನವನ್ನೂ ಮುಟ್ಟಿರಲಿಲ್ಲ. ಅಂಗಳಕ್ಕೆ ಒಂದು ಸಣ್ಣ ಕಾರು ಬಂದು ನಿಂತಿತು. ವಿದ್ಯಾ ಸ್ಕೂಲಿನ ಬಟ್ಟೆಯಲ್ಲೇ, ತೋಳಿಗೆ ಮಕ್ಕಳ ಬಣ್ಣ ಮೆತ್ತಿಕೊಂಡೇ ಬಂದಿದ್ದಳು. ಅಪ್ಪನ ಮುಖ ನೋಡಲಿಲ್ಲ. ನೇರವಾಗಿ ಕಾರಿನ ಹತ್ತಿರ ಹೋಗಿ, ಕೂದಲನ್ನು ಹಿಂದಕ್ಕೆ ಗಂಟು ಹಾಕಿಕೊಂಡಳು.

"ಏನ್ ಪ್ರಾಬ್ಲಮ್ ಅಪ್ಪ?"

ಮಾವನೂ ಇಂಜಿನ್ನನ್ನೇ ನೋಡುತ್ತಾ ಹೇಳಿದರು. "ಒಂದು ಸದ್ದು. ಇವರ್ಯಾರಿಗೂ ಕೇಳಿಸ್ತಾ ಇಲ್ಲ."

"ಸ್ಟಾರ್ಟ್ ಮಾಡಿ."

ಮಾವ ಒಳಗೆ ಕೂತು ಸ್ಟಾರ್ಟ್ ಮಾಡಿದರು. ಶೆಡ್ಡಿನ ತಗಡೆಲ್ಲ ಅದುರಿತು. ವಿದ್ಯಾ ಕಣ್ಣು ಮುಚ್ಚಿ, ಇಂಜಿನ್ನಿನ ಮೇಲೆ ಕಿವಿ ಬಾಗಿಸಿ ಬಹಳ ಹೊತ್ತು ನಿಂತಳು. ರಾಯರು ಏನೋ ಹೇಳಲು ಬಾಯಿ ತೆರೆದರು. ನಾನು ಅವರ ತೋಳು ಹಿಡಿದು ನಿಲ್ಲಿಸಿದೆ. ಅವಳು ಕೈ ಸನ್ನೆ ಮಾಡಿದಳು, ಮಾವ ಇಂಜಿನ್ ಆರಿಸಿದರು.

"ಹೌದಪ್ಪ" ಎಂದಳು. "ಕೇಳಿಸ್ತು. ಐ ಹಿಯರ್ ಇಟ್."

ಮಾವ ಸ್ಟೀರಿಂಗ್ ಬಿಡಲೇ ಇಲ್ಲ. ಅದರ ಮೇಲೆಯೇ ಹಣೆಯಿಟ್ಟು, ಮೆಲ್ಲಗೆ ಹೇಳಿದರು:

"ನಾಲ್ಕು ವರ್ಷದಿಂದ ಇದೆ ಪುಟ್ಟಿ."

ಇಂಜಿನ್ನಿಗೆ ಇನ್ನೂ ಎರಡು ವರ್ಷವೂ ತುಂಬಿರಲಿಲ್ಲ. ನಾನು ತಿದ್ದಲು ಹೋಗಲಿಲ್ಲ.