ಸುಣ್ಣ ಕಾಣದ ಗೋಡೆ

ನಮ್ಮ ಕಾಕಾನಿಗೆ ಇಬ್ಬರು ಹೆಂಡಿರು ಎಂದು ಖಾನಾಪುರದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು! ಒಬ್ಬಾಕೆ ನಮ್ಮ ಕಾಕು. ಇನ್ನೊಂದು, ಮನೆಯ ಮುಂದಿನ ಗೋಡೆಗೆ ಹಬ್ಬಿದ್ದ ಬೂದು-ಹಸಿರು ಕಲೆ. ಕಾಕಾ ಹೆಚ್ಚು ಹೊತ್ತು ಕಳೆಯುತ್ತಿದ್ದದ್ದು ಎರಡನೆಯವಳ ಹತ್ತಿರವೇ.

ಆತ ಬೆಳಗಾವಿಯ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ. ಆ ಕಲೆ ಮಸಾಲೆಗೆ ಹಾಕುವ ದಗಡಫೂಲು, ಅಂದರೆ ಕಲ್ಲುಹೂವಿನ ಬಳಗದ್ದು, ಅದರೊಳಗೆ ಒಂದಲ್ಲ, ಎರಡು ಜೀವಗಳಿವೆ, ಬೂಷ್ಟು ಮನೆ ಕಟ್ಟಿಕೊಡುತ್ತದೆ, ಪಾಚಿ ಅಡುಗೆ ಮಾಡಿ ಹಾಕುತ್ತದೆ ಎಂದು ಹಾಲಿನವನನ್ನೂ ನಿಲ್ಲಿಸಿ ಪಾಠ ಹೇಳುವನು.

"ಇದಕ್ಕ ಸಿಂಬಯಾಸಿಸ್ ಅಂತಾರ. ಗ್ರೀಕ್ ಮಾತು. ಸಿನ್ ಅಂದ್ರ ಜೋಡಿ, ಬಯಾಸ್ ಅಂದ್ರ ಬದುಕು. ನೂರು ವರ್ಷದ ಹಿಂದ ಜರ್ಮನಿಯ ಪಂಡಿತರು ಇಂಥಾದ್ದನ್ನ ನೋಡೇ ಆ ಹೆಸರು ಚಾಲೂ ಮಾಡಿದ್ರು."

ಅಷ್ಟರಲ್ಲಿ ಹಾಲು ಒಡೆದರೆ ಯಾರು ಹೊಣೆ?

"ಜೋಡಿ ಬದುಕಿದ್ರ ಇಬ್ಬರಿಗೂ ಛಲೋ ಆಗತೈತೇನ್ರಿ?" ಎಂದು ಕಾಕು ಒಳಗಿನಿಂದ ಕೇಳುವಳು.

"ಹಂಗೇನ ಮೂಲದಾಗ ಹೇಳಿಲ್ಲ. ಒಂದು ಇನ್ನೊಂದರ ರಕ್ತ ಹೀರಿದ್ರೂ ಸಿಂಬಯಾಸಿಸ್ಸ!"

"ಅದು ನನಗ ಲಗ್ನಾದ ವರ್ಷನ ತಿಳದೈತಿ ಬಿಡ್ರಿ."

ಒಮ್ಮೆ ಮಚ್ಛೆ ಊರಿನಿಂದ ಕಾಕುವಿನ ಅಣ್ಣ ಊಟಕ್ಕೆ ಬಂದು, ದಗಡಫೂಲಿನ ಮಸಾಲೆ ಹಾಕಿದ ಬದನೆಕಾಯಿ ಪಲ್ಯವನ್ನು ಹೊಗಳಿದರು. "ನೀವು ಉಂಡದ್ದು ಬೂಷ್ಟು ಮತ್ತ ಪಾಚಿ" ಎಂದು ಕಾಕಾ ವಿವರಿಸಿದ. ಅವರು ಕೈ ತೊಳೆದು ಎದ್ದವರು ಮುಂದೆ ಬಹಳ ದಿನ ಆ ಮನೆಯಲ್ಲಿ ನೀರನ್ನೂ ಮುಟ್ಟಲಿಲ್ಲ!

ದೀಪಾವಳಿ ಬಂತೆಂದರೆ ಯುದ್ಧವೇ. "ಗ್ವಾಡಿಗೆ ಗಜಕರ್ಣ ಆಗೇತಿ, ಬಂದವರು ನಗತಾರ. ಒಂದ ವರ್ಷರ ಬೆಳ್ಳಗ ಕಾಣಲಿ" ಎಂದು ಕಾಕು ಗೋಗರೆಯುವಳು. ಕಾಕಾ ಕಲೆಗೆ ಬೆನ್ನು ಕೊಟ್ಟು ನಿಂತೇಬಿಡುವನು. ಸುಣ್ಣ ಬಳಿಯುವವನು ಬೇಸತ್ತು ಆತನ ಅಂಗಿಗೇ ಒಂದು ಪಟ್ಟೆ ಎಳೆದದ್ದೂ ಇದೆ.

ಎಂಬತ್ತರ ದಶಕದ ಒಂದು ಮಳೆಗಾಲ ಕಾಕುವಿನ ಹೊಟ್ಟೆಯಲ್ಲಿ ಗಂಟು ಬೆಳೆಯಿತು. ಅದು ಎಂಥ ಜೋಡಿ ಬದುಕು ಹೇಳಿ! ಬೆಳಗಾವಿಯ ದವಾಖಾನೆಯಲ್ಲಿ ಹೊಟ್ಟೆ ತೆರೆದು ನೋಡಿದರು, ಹಾಗೆಯೇ ಹೊಲಿದರು, ಮನೆಗೆ ಒಯ್ಯಿರಿ ಎಂದರು. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. "ನೀ ಆಕೀನ್ನ ಕರಕೊಂಡ ಬಾ, ನಾ ಮನಿ ಸಜ್ಜ ಮಾಡತೇನಿ" ಎಂದು ಕಾಕಾ ಮುಂಚೆಯೇ ಖಾನಾಪುರಕ್ಕೆ ಹೋದ.

ನಮ್ಮ ಬಾಡಿಗೆ ಕಾರು ಮನೆಯ ಮುಂದೆ ನಿಂತಾಗ ಗೋಡೆ ಇಡಿಯಾಗಿ ಬೆಳ್ಳಗಿತ್ತು. ಕಾಕಾ ಮೊಳಕೈವರೆಗೆ ಸುಣ್ಣ ಮೆತ್ತಿಕೊಂಡು, ಶಾಬಾಸ್‌ಗಿರಿಗೆ ಕಾದ ಹುಡುಗನ ಹಾಗೆ ನಿಂತಿದ್ದ.

ಕಾಕು ನನ್ನ ಹೆಗಲು ಹಿಡಿದು ಗೋಡೆಯ ಹತ್ತಿರ ಹೋದಳು. ಕಲೆ ಇದ್ದ ಜಾಗವನ್ನು ಹುಡುಕಲೇ ಇಲ್ಲ. ಸೀದಾ ಅಲ್ಲಿಯೇ ಅಂಗೈ ಇಟ್ಟಳು.

"ಇದರಾಗ ಎರಡು ಜೀವ ಅದಾವು ಅಂತಿದ್ರೆಲ್ಲ... ಕೊಂದಬಿಟ್ರೇನು?"

"ನಿನಗ ಬೆಳ್ಳನ ಗ್ವಾಡಿ ಬೇಕಾಗಿತ್ತಲ್ಲ..."

"ಎರಡೂ ಕೂಡೇ ಹೋದ್ವು?"

ಕಾಕಾ ಹೌದೆಂದು ತಲೆಯಾಡಿಸಿದ.

"ಹೋಗಲಿ ಬಿಡ್ರಿ. ಪುಣ್ಯಾ ಮಾಡಿದ್ವು. ಒಂದ ಹಿಂದ ಉಳದಿದ್ರ ಅದಕ್ಕ ಅಡಿಗಿ ಯಾರ ಮಾಡಿ ಹಾಕತಿದ್ರು?"

ಕಾಕಾ ಸುಣ್ಣದ ಕೈಯನ್ನೇ ಅವಳ ಕೈಯ ಮೇಲಿಟ್ಟು, ಗೋಡೆಗೆ ಒತ್ತಿ ಹಿಡಿದ.